ಅವರ್ಸಾ: ಮೊಣಕಾಲುದ್ದ ನೀರಿನ ಚರಿತ್ರೆ

ಕಾರವಾರದಿಂದ ಅಂಕೋಲೆಗೆ ಹೋಗುವಾಗ ಅವರ್ಸಾ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಪ್ರವಾಸಿಗರಿಗೆ ಗೋಕರ್ಣ ಮುಟ್ಟುವ ಅವಸರ. ಆದರೆ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹೊರಟವರು ಈ ಭಾಗದ ದಡಗಳಲ್ಲಿ ಒಂದು ಸಂಜೆ ಕಳೆಯಬೇಕು. ಇಲ್ಲಿ ಕಡಲು ಮೆಲ್ಲಗೆ ಆಳವಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಇದೇ ನೀರನ್ನು ನಂಬುವಂತಿಲ್ಲ.

ಈ ಇಳಿಜಾರು ಮರಳೇ ರಂಪಣಿ ಮೀನುಗಾರಿಕೆಗೆ ಆಧಾರವಾಗಿತ್ತು. ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುತ್ತಿತ್ತು. ಹತ್ತಾರು ಜನ ನೀರಿಗಿಳಿದು ಎರಡೂ ಕಡೆಯ ಹಗ್ಗ ಎಳೆಯುತ್ತಿದ್ದರು. ಬಂಗುಡೆ ಬಂದರೆ ಊರಿಗೇ ಹಬ್ಬ, ಬಾರದಿದ್ದರೆ ಎಲ್ಲರದೂ ಒಂದೇ ಗಂಜಿ. ಜಿಲ್ಲೆಯ ಕಡಲನ್ನು ನಂಬಿದವರಲ್ಲಿ ಹರಿಕಂತ್ರರು, ಖಾರ್ವಿಗಳು, ಗಾಬಿತರು, ದಾಲ್ಜಿ ಮುಸ್ಲಿಮರು ಎಲ್ಲರೂ ಇದ್ದಾರೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನನ್ನು ದೂರದಲ್ಲೇ ಬಾಚತೊಡಗಿದ ಮೇಲೆ ರಂಪಣಿ ಬಡವಾಯಿತು.

ಕಡಲು ಇಲ್ಲಿಗೆ ಮೀನನ್ನಷ್ಟೇ ತರಲಿಲ್ಲ. ಅವರ್ಸಾದ ಕಾತ್ಯಾಯಿನಿ ಬಾಣೇಶ್ವರ ದೇವಸ್ಥಾನಕ್ಕೆ ಗೋವಾ ಮೂಲದ ಕುಟುಂಬಗಳು ಇಂದಿಗೂ ನಡೆದುಕೊಳ್ಳುತ್ತವೆ. ಕಾರವಾರದಲ್ಲಿ 1638ರಲ್ಲಿ ಇಂಗ್ಲಿಷರ ಕೋಠಿ ತೆರೆಯಿತು. ಮೆಣಸು, ಬಟ್ಟೆ ಅವರನ್ನು ಎಳೆತಂದಿದ್ದವು.

ಬಿಣಗಾ ಕಡೆಯ ಕಡಲಲ್ಲಿರುವ ಅಂಜದೀವ ದ್ವೀಪದ ಕಥೆಯೇ ಬೇರೆ. 1340ರ ದಶಕದಲ್ಲಿ ಗೋವಾದಿಂದ ಹೊನ್ನಾವರಕ್ಕೆ ಹೊರಟ ಇಬ್ನ್ ಬತೂತ ಒಂದು ಪುಟ್ಟ ದ್ವೀಪದಲ್ಲಿ ಇಳಿದಿದ್ದ. ಅದು ಅಂಜದೀವವೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಗುಡಿಯ ಗೋಡೆಗೆ ಒರಗಿ ಕುಳಿತಿದ್ದ ಮೌನಿ ಜೋಗಿಯೊಬ್ಬ ಬತೂತನ ಜಪಮಾಲೆಯನ್ನು ಮುಟ್ಟಿ, ಮೂಸಿ, ಮುತ್ತಿಟ್ಟು, ಆಕಾಶದ ಕಡೆಗೂ ಕಿಬ್ಲಾದ ಕಡೆಗೂ ಕೈ ತೋರಿದನಂತೆ. ಹೊರಡುವಾಗ ಕೈಯಲ್ಲಿ ಹತ್ತು ದೀನಾರ್ ಇಟ್ಟನಂತೆ. ಆತ ಗುಟ್ಟಾಗಿ ಮುಸ್ಲಿಮನಾಗಿದ್ದ ಎಂದು ಬತೂತ ತಿಳಿದ. ನನಗೋ, ಆತ ಯಾರೇ ಆಗಿರಲಿ, ಆ ಮೌನದ ಆತಿಥ್ಯವೇ ದೊಡ್ಡದೆನಿಸುತ್ತದೆ. ಮುಂದೆ ಹೊನ್ನಾವರದಲ್ಲಿ ಆತ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಕರಾವಳಿಯ ಹೆಣ್ಣುಮಕ್ಕಳ ವಿದ್ಯೆ ನಿನ್ನೆ ಮೊನ್ನೆಯದು ಎನ್ನುವವರು ಇದನ್ನು ಓದಬೇಕು.

ಅದೇ ಅಂಜದೀವಕ್ಕೆ 1498ರಲ್ಲಿ ವಾಸ್ಕೋ ಡ ಗಾಮಾ ಬಂದ. ಆದಿಲ್ ಖಾನನ ಸೇವೆಯಲ್ಲಿದ್ದ ಯಹೂದಿಯೊಬ್ಬ ಸ್ನೇಹದ ಮಾತಾಡುತ್ತ ಹಡಗಿಗೆ ಬಂದಾಗ, ಗೂಢಚಾರನೆಂದು ಹಿಡಿದು ಹಿಂಸಿಸಿ, ಕೊನೆಗೆ ಕ್ರೈಸ್ತನನ್ನಾಗಿಸಿ ಗಾಸ್ಪರ್ ಡ ಗಾಮಾ ಎಂದು ಹೆಸರಿಟ್ಟು ಒಯ್ದರು. ಒಂದೇ ದ್ವೀಪ, ಇಬ್ಬರು ಅತಿಥಿಗಳು! 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಅದನ್ನು ಬಿಡಿಸುವಾಗ ನಮ್ಮ ಏಳು ನೌಕಾ ಯೋಧರು ಪ್ರಾಣ ತೆತ್ತರು.

ಇಂದು ಅಂಜದೀವ ನೌಕಾನೆಲೆಯ ಭಾಗ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟುಕೊಟ್ಟವು. ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರಕ್ಕಾಗಿ ಎಷ್ಟೋ ಮಂದಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ಒಂದೇ ತಾಲೂಕಿನ ಬಡವರು ಎಷ್ಟು ಸಲ ಕೊಡಬೇಕು? ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರು ಬರುತ್ತದೆಂದಾಗ, 2025ರಲ್ಲಿ ಅಲ್ಲಿನ ಮೀನುಗಾರರು ಬೀದಿಗಿಳಿದದ್ದು ಈ ನೆನಪಿನಿಂದಲೇ ಇರಬೇಕು. ದೋಣಿ ಎಳೆದಿಡಲು, ಮೀನು ಒಣಗಿಸಲು, ಮಕ್ಕಳು ಕಾಲು ನೆನೆಸಲು ಅವರಿಗೆ ಉಳಿದಿರುವುದು ಅದೇ ಮರಳು.