ಮಕ್ಕಳಾಟವೂ ರಾಜಾಜ್ಞೆಯೂ

ಹಗುರವಾದ ಕೆಲಸವನ್ನು ‘ಮಕ್ಕಳಾಟ’ವೆಂದು ತಳ್ಳಿಹಾಕುವುದು ನಮ್ಮ ನುಡಿಯ ರೂಢಿ. ಆದರೆ ಮಕ್ಕಳಾಟವನ್ನೇ ರಾಜ್ಯಕ್ಕೆ ಅಪಾಯಕರವೆಂದು ಬಗೆದು, ಆಜ್ಞೆ ಹೊರಡಿಸಿ ನಿಲ್ಲಿಸಿದ ಸರ್ಕಾರವೊಂದು ಚರಿತ್ರೆಯಲ್ಲಿ ಉಂಟು. ಅದು ಜರ್ಮನಿಯ ಪ್ರಷ್ಯಾ ಸರ್ಕಾರ, ವರ್ಷ 1851. ಎಳೆಯರ ಆಟಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಶಿಶುಗಳಿಗೆ ಆಟ ಬೇಕೆಂಬ ಮಾತೇನೋ ಪುರಾತನವಾದುದು. ಮೊಹೆಂಜೊದಾರೋವಿನಲ್ಲಿ ದೊರೆತ ಮಣ್ಣಿನ ಪುಟ್ಟ ಗಾಡಿಗಳೇ ಇದಕ್ಕೆ ಸಾಕ್ಷಿ. ಮೂರರಿಂದ ಆರು ವರ್ಷದ ಮಕ್ಕಳನ್ನು ಊರ ದೇವಾಲಯಗಳ ಬಳಿ ಕೂಡಿಸಿ ಆಡಗೊಡಬೇಕೆಂದು ಗ್ರೀಸಿನ ಪ್ಲೇಟೋ ಬರೆದನು. ಹೀಗಿದ್ದರೂ ಆಟ ಬೇರೆ, ಪಾಠ ಬೇರೆ ಎಂಬ ಭಾವನೆಯು ಬಹುಕಾಲ ಉಳಿಯಿತು.

ಈ ಗೋಡೆಯನ್ನು ಕೆಡವಿದವರಲ್ಲಿ ಅಗ್ರಗಣ್ಯನು ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ಹುಟ್ಟಿದ ಈತನು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡನು. ಪಾದ್ರಿಯಾದ ತಂದೆಗೆ ಮಗುವಿನ ಕಡೆ ನೋಡಲು ಬಿಡುವಿರಲಿಲ್ಲ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಚಿಕ್ಕ ಮಕ್ಕಳಿಗಾಗಿ ಆತನೊಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ನಾವು ಇದನ್ನೇ ಶಿಶುವಿಹಾರವೆನ್ನುತ್ತೇವೆ.

ಅಲ್ಲಿ ಪುಸ್ತಕಕ್ಕೆ ಬದಲಾಗಿ ಆಟದ ವಸ್ತುಗಳಿದ್ದುವು. ಇವನ್ನು ಆತನು ‘ಕಾಣಿಕೆ’ಗಳೆಂದು ಕರೆದನು. ಮೊದಲನೆಯದು ಬಣ್ಣದ ಉಣ್ಣೆಯ ಆರು ಚೆಂಡುಗಳು. ಎರಡನೆಯದು ಮರದ ಗುಂಡು, ಉರುಳೆ, ಘನ. ಗುಂಡು ಹೊರಳುವುದು, ಘನ ನಿಲ್ಲುವುದು, ಉರುಳೆಯಾದರೋ ಹೊರಳಲೂ ಬಲ್ಲದು, ನಿಲ್ಲಲೂ ಬಲ್ಲದು. ಇದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ; ಮಗುವಿನ ಕೈಯೇ ಕಂಡುಕೊಳ್ಳುತ್ತದೆ. ಮೂರನೆಯದು ಎಂಟು ತುಂಡುಗಳಾಗಿ ಬಿಡಿಸಬಹುದಾದ ಘನ. ಅದರಿಂದ ಮಗುವು ಮೆಟ್ಟಿಲು, ಪೀಠ, ಮನೆಗಳನ್ನು ಕಟ್ಟಿ, ಮತ್ತೆ ಒಂದೇ ಘನವಾಗಿ ಕೂಡಿಸುವುದು. ಅಂಶವೂ ಪೂರ್ಣವೂ ಹೇಗೆ ಸಂಬಂಧಿಸಿವೆಯೆಂಬ ಗಣಿತತತ್ತ್ವವೇ ಇಲ್ಲಿ ಆಟವಾಗಿದೆ.

ಇಂಥದರಲ್ಲಿ ಸರ್ಕಾರಕ್ಕೆ ಕಂಡ ಕೇಡಾದರೂ ಏನು? 1848ರ ಕ್ರಾಂತಿಯು ಅಡಗಿದ ಬಳಿಕ ಅಧಿಕಾರಿಗಳಿಗೆ ಎಲ್ಲೆಲ್ಲಿಯೂ ಸಂಶಯ. ಸಮಾಜವಾದಿಯಾಗಿದ್ದ ಕಾರ್ಲ್ ಫ್ರೋಬೆಲ್ ಈತನ ಸೋದರನ ಮಗ. ಅವನ ಬರಹವನ್ನು ಈತನ ತಲೆಗೆ ಕಟ್ಟಿ, ಶಿಶುವಿಹಾರಗಳು ನಾಸ್ತಿಕತೆಯನ್ನು ಬಿತ್ತುವುವೆಂದು ಸಚಿವನಾದ ಫಾನ್ ರೌಮರ್ 1851ರ ಆಗಸ್ಟಿನಲ್ಲಿ ಅವನ್ನು ನಿಷೇಧಿಸಿದನು. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧವು ತೊಲಗಿದುದು 1860ರಲ್ಲಿ. ಅದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ.

ಆದರೆ ತೋಟದ ಬೀಜವು ಗಾಳಿಯಲ್ಲಿ ಹಾರಿಹೋಗಿದ್ದಿತು. ದೇಶಬಿಟ್ಟ ಜರ್ಮನರು 1851ರಲ್ಲಿ ಲಂಡನ್ನಿನಲ್ಲಿಯೂ, 1856ರಲ್ಲಿ ಅಮೆರಿಕದ ವಾಟರ್‌ಟೌನಿನಲ್ಲಿಯೂ ಶಿಶುವಿಹಾರಗಳನ್ನು ತೆರೆದರು. ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ಆಡಿದ ಆ ಮರದ ತುಂಡುಗಳನ್ನು ತನ್ನ ಆತ್ಮಚರಿತ್ರೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರು ಹಿಡಿದುದು ಮಾಂಟೆಸೊರಿಯವರ ದಾರಿ. ಅವರ ಸಹಕಾರಿಣಿ ತಾರಾಬಾಯಿ ಮೋಡಕ್ ಅವರು ಬೋರ್ಡಿ ಗ್ರಾಮದಲ್ಲಿ ಬಡವರ ಮಕ್ಕಳ ಬಳಿಗೇ ಶಾಲೆಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಎಂಬ ಹೆಸರಿನಲ್ಲಿಯೇ ಅಂಗಳವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವೇ ತಳಹದಿಯೆಂದು ಸಾರಿದೆ.

ಹೀಗೆ ಶಾಸನವು ಇಂದು ಆಟದ ಪಕ್ಷದಲ್ಲಿದೆ. ಆದರೂ ನಗರದ ಎಷ್ಟೋ ಮನೆಗಳಲ್ಲಿ ನಾಲ್ಕು ವರ್ಷದ ಮಗುವು ಚೆಂಡನ್ನು ಬಿಟ್ಟು ಅಕ್ಷರ ತಿದ್ದುತ್ತಿರುತ್ತದೆ. ಅಂದು ಆಟವನ್ನು ನಿಲ್ಲಿಸಲು ಸಚಿವನ ಆಜ್ಞೆ ಬೇಕಾಯಿತು; ಇಂದು ತಾಯಿತಂದೆಗಳ ಆತುರವೇ ಸಾಕಾಗಿದೆ. ಆ ಆಜ್ಞೆಯನ್ನು ಒಂಬತ್ತು ವರ್ಷಗಳಲ್ಲಿ ಹಿಂತೆಗೆದುಕೊಂಡರು. ಮಗುವಿನ ಬಾಲ್ಯವಾದರೋ ಅಷ್ಟು ಕಾಲ ಕಾದಿರುವಂಥದಲ್ಲವೆಂಬುದನ್ನು ಕೇಳುಗರು ದಯಮಾಡಿ ಮನಸ್ಸಿಗೆ ತಂದುಕೊಳ್ಳಬೇಕು.