ಓಡುವ ಡಬ್ಬದ ಹಾಡು: ಡೊಂಬಿವಲಿ ಲೋಕಲ್‌ಗಳ ಭಜನಾ ಮಂಡಳಿಗಳು

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು, ಮರುವರ್ಷ ಅದೇ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಎರಡು ಊರುಗಳ ನಡುವಿನ ಡೊಂಬಿವಲಿ ಮಾತ್ರ ಬಹುಕಾಲ ಗದ್ದೆಗಳ ಹಳ್ಳಿಯಾಗಿಯೇ ಉಳಿಯಿತು. ಅದು ಗುಮಾಸ್ತರ, ಶಿಕ್ಷಕರ, ಕಾರ್ಖಾನೆ ನೌಕರರ ಊರಾಗಿ ಬೆಳೆದುದು ಸ್ವಾತಂತ್ರ್ಯದ ನಂತರ, ಮುಂಬಯಿಯಲ್ಲಿ ಮನೆ ಕೊಳ್ಳುವುದು ಮಧ್ಯಮ ವರ್ಗದ ಕೈಗೆ ಎಟುಕದಂತಾದ ಮೇಲೆ. 1982ರ ಜನವರಿಯಲ್ಲಿ ಆರಂಭವಾದ ಬಟ್ಟೆಗಿರಣಿ ಮುಷ್ಕರದ ತರುವಾಯ ಗಿರಣಗಾಂವ್ ಎಂದು ಕರೆಯಲಾಗುತ್ತಿದ್ದ ಪರಳ್, ಲಾಲ್‌ಬಾಗ್ ಭಾಗಗಳ ಚಾಳುಗಳಿಂದಲೂ ಅನೇಕ ಕುಟುಂಬಗಳು ಈ ದೂರದ ಉಪನಗರಗಳತ್ತ ಸರಿದವು. 2011ರ ಜನಗಣತಿಯ ಹೊತ್ತಿಗೆ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಜನಸಂಖ್ಯೆ 12 ಲಕ್ಷವನ್ನು ದಾಟಿತ್ತು. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಸುಮಾರು 48 ಕಿಲೋಮೀಟರ್ ದೂರ, ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಗೆ ಮಿಕ್ಕ ಪ್ರಯಾಣ. ಈ ಒಂದು ಗಂಟೆಯೇ, ದಿನಕ್ಕೆ ಎರಡು ಬಾರಿ, ಇಲ್ಲಿ ವಿವರಿಸಲಾಗುವ ಸಂಗೀತದ ಸಭಾಂಗಣ.

ಲೋಕಲ್ ಭಜನಾ ಮಂಡಳಿ ಎಂದರೆ ನಿತ್ಯವೂ ಒಂದೇ ವೇಳೆಯ ಗಾಡಿಯಲ್ಲಿ, ಒಂದೇ ಡಬ್ಬದಲ್ಲಿ ಸೇರಿ ಹಾಡುವ ಪ್ರಯಾಣಿಕರ ಗುಂಪು. ಇದರ ಮೂಲವನ್ನು ರೈಲಿನಲ್ಲಿ ಹುಡುಕಬೇಕಾಗಿಲ್ಲ. ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳು ತಾಳ ಮತ್ತು ಪಖವಾಜ್ ಎಂಬ ಮದ್ದಳೆಯಂಥ ವಾದ್ಯದೊಂದಿಗೆ ಅಭಂಗಗಳನ್ನು, ಅಂದರೆ ಮರಾಠಿ ಸಂತರ ಭಕ್ತಿಪದಗಳನ್ನು, ಗುಂಪಿನಲ್ಲಿ ಹಾಡುವ ಪದ್ಧತಿ ಶತಮಾನಗಳಷ್ಟು ಹಳೆಯದು. ಕೊಂಕಣದಿಂದ ಗಿರಣಿ ಕೆಲಸಕ್ಕೆ ಬಂದವರು ಈ ಪದ್ಧತಿಯನ್ನು ಚಾಳುಗಳಿಗೆ ತಂದರು, ಚಾಳು ಬಿಟ್ಟವರು ಅದನ್ನು ಉಪನಗರಗಳಿಗೆ ಒಯ್ದರು. ಎರಡು ಮಂಡಳಿಗಳು ಎದುರುಬದುರು ಕುಳಿತು ಪೈಪೋಟಿಯಿಂದ ಹಾಡುವ ‘ಡಬಲ್‌ಬಾರಿ’ ಎಂಬ ಪ್ರಕಾರ ಇಂದಿಗೂ ಕೊಂಕಣ ಮತ್ತು ಮುಂಬಯಿ ಸುತ್ತಲಿನ ಊರುಗಳಲ್ಲಿ ಜನರನ್ನು ಸೇರಿಸುತ್ತದೆ. ಆದರೆ ಡಬಲ್‌ಬಾರಿಯ ಬುವಾ, ಅಂದರೆ ಮುಖ್ಯ ಗಾಯಕ, ಪಳಗಿದವನಾಗಿರಬೇಕು. ಪಖವಾಜಿನವನ ಕೈಚಳಕವನ್ನು ಕೇಳುಗರು ಅಳೆದು ನೋಡುತ್ತಾರೆ. ಲೋಕಲ್ ಡಬ್ಬದೊಳಗೆ ಬಂದಾಗ ಈ ಕಲೆ ತನ್ನ ಪಾಂಡಿತ್ಯದ ಭಾಗವನ್ನು ಕಳಚಿ ಹಗುರಾಯಿತು, ಹಾಗೆ ಹಗುರಾದುದರಿಂದಲೇ ಅದು ಅಷ್ಟು ಜನರಿಗೆ ದಕ್ಕಿತು.

ಈ ಹಗುರಾಗುವಿಕೆಯನ್ನು ಹತ್ತಿರದಿಂದ ಗಮನಿಸುವುದು ಅಗತ್ಯ. ಜನಸಂದಣಿಯಲ್ಲಿ ಹಾರ್ಮೋನಿಯಂ ತೆರೆಯಲು ಜಾಗವಿಲ್ಲ, ಪಖವಾಜನ್ನು ಹೊತ್ತು ಹತ್ತುವುದು ಕಷ್ಟ; ಆದ್ದರಿಂದ ಕೈಚೀಲದಲ್ಲಿ ಹಿಡಿಯುವ ತಾಳಗಳು, ಹೆಚ್ಚೆಂದರೆ ಒಂದು ಢೋಲಕಿ, ಅದೂ ಇಲ್ಲದ ದಿನ ಡಬ್ಬದ ತಗಡಿನ ಗೋಡೆ ಮತ್ತು ಸೀಟಿನ ಬೆನ್ನು ವಾದ್ಯಗಳಾಗುತ್ತವೆ. ಶ್ರುತಿ ಹಿಡಿದುಕೊಡುವ ವಾದ್ಯವಿಲ್ಲದ ಕಾರಣ ಮೊದಲು ಎತ್ತಿಕೊಂಡವನ ಕಂಠವೇ ಶ್ರುತಿಯಾಗುತ್ತದೆ, ಹಿಮ್ಮೇಳದವರು ತಮ್ಮ ತಮ್ಮ ಎತ್ತರದಲ್ಲಿ ಅದಕ್ಕೆ ಸೇರಿಕೊಳ್ಳುತ್ತಾರೆ. ನಿಲ್ದಾಣ ಬಂದಾಗ ಕೆಲವರು ಸಾಲಿನ ನಡುವೆಯೇ ಇಳಿಯುತ್ತಾರೆ, ಹತ್ತಿದವರು ಪಲ್ಲವಿಯಿಂದ ಹಿಡಿಯುತ್ತಾರೆ. ಈ ದಾರಿಯಲ್ಲಿ, 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಪಾರಸಿಕ್ ಸುರಂಗದ ಮೂಲಕವೇ ಫಾಸ್ಟ್ ಲೋಕಲ್‌ಗಳು ದಶಕಗಳ ಕಾಲ ಓಡಿದವು. ಸುರಂಗದೊಳಗೆ ಗಾಲಿಗಳ ಸದ್ದು ಮಾತನ್ನು ನುಂಗಿದಾಗ ಹಾಡುವವರನ್ನು ಒಟ್ಟಿಗೆ ಹಿಡಿದಿಡಲು ತಾಳದ ಹೊರತು ಬೇರೇನೂ ಉಳಿಯುತ್ತಿರಲಿಲ್ಲ. ಇಂಥಲ್ಲಿ ಅಪಸ್ವರವನ್ನು ದೋಷವೆಂದು ಎಣಿಸಿದರೆ ಹಾಡುವುದೇ ಸಾಧ್ಯವಿಲ್ಲ. ಯಾರೂ ಶುಲ್ಕ ಕೊಡುವುದಿಲ್ಲ, ಕೇಳುಗರೆಂಬ ಪ್ರತ್ಯೇಕ ವರ್ಗವೂ ಗಟ್ಟಿಯಾಗಿ ನಿಲ್ಲುವುದಿಲ್ಲ, ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದವನು ಮರುವಾರ ಮಂಡಳಿಯವನೇ ಆಗಿರುತ್ತಾನೆ. ನವರಾತ್ರಿಯಲ್ಲಿ ಮಹಿಳೆಯರ ಡಬ್ಬಗಳಲ್ಲಿ ಗರಬಾ, ದಸರಾ ಸಮಯದಲ್ಲಿ ಚೆಂಡುಹೂವಿನ ಮಾಲೆ ಕಟ್ಟಿ ಡಬ್ಬಕ್ಕೇ ಪೂಜೆ ಸಲ್ಲಿಸುವ ರೂಢಿ, ಇವೆಲ್ಲ ಅದೇ ಒಡನಾಟದ ಮುಂದುವರಿಕೆಗಳು.

ಕನ್ನಡ ಪ್ರಯಾಣಿಕನಿಗೆ ಈ ಮೇಳ ಪರಕೀಯವೆನಿಸಲು ಕಾರಣವಿಲ್ಲ. ಪುರಂದರದಾಸರ ಅಂಕಿತದಲ್ಲಿರುವವನೂ ಅದೇ ವಿಠ್ಠಲ; ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ಆ ದೇವರನ್ನು ಕರ್ನಾಟಕದವನೆಂದೇ ವರ್ಣಿಸುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದಿಂದ ಹೋಟೆಲು, ಬ್ಯಾಂಕು ಕೆಲಸಗಳಿಗಾಗಿ ಬಂದು ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ನೆಲೆಸಿದವರು ತಮ್ಮವೇ ಭಜನಾ ಮಂಡಳಿಗಳನ್ನೂ, ಯಕ್ಷಗಾನದ ಧಾಟಿಯಲ್ಲಿ ಶನಿಮಹಾತ್ಮೆಯನ್ನು ಓದಿ ಅರ್ಥ ಹೇಳುವ ಶನಿಗ್ರಂಥ ಪಾರಾಯಣವನ್ನೂ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಯೂ ಹಾಡುವವರು ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಕೂಡುವವರೇ.

ಹವ್ಯಾಸಿಯ ಒರಟು ದನಿಗೆ ಇಂಥದೇ ಮಾನ್ಯತೆಯನ್ನು ಬೇಡಿದ ಇನ್ನೊಂದು ಸಂಗೀತ 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ಗಳಲ್ಲಿ ರೂಪ ತಳೆಯಿತು. ಪಂಕ್ ಎಂದು ಕರೆಯಲಾದ ಈ ರಾಕ್ ಪ್ರಕಾರ ಗಿಟಾರಿನ ಎರಡು ಮೂರು ಸ್ವರಮೇಳಗಳನ್ನು ಕಲಿತವರೂ ತಂಡ ಕಟ್ಟಬಹುದೆಂದು ಸಾರಿತು. 1976ರ ಜುಲೈನಲ್ಲಿ ಅದರ ಮೊದಲ ಪತ್ರಿಕೆಗಳಲ್ಲೊಂದಾದ ‘ಸ್ನಿಫಿನ್ ಗ್ಲೂ’ವನ್ನು ಹೊರತಂದ ಮಾರ್ಕ್ ಪೆರಿ ಲಂಡನ್ನಿನ ಬ್ಯಾಂಕ್ ಗುಮಾಸ್ತ; ಬೆರಳಚ್ಚು ಮಾಡಿ, ದಪ್ಪ ಪೆನ್ನಿನಿಂದ ಶೀರ್ಷಿಕೆ ಬರೆದು, ಜೆರಾಕ್ಸ್ ಮಾಡಿದ ಅದರ ಪುಟಗಳಲ್ಲಿ ತಿದ್ದಿದ ಗುರುತುಗಳು ಹಾಗೆಯೇ ಉಳಿದಿರುತ್ತಿದ್ದವು. ಮುಂಬಯಿಯಲ್ಲಿ ರಾಕ್ ಸಂಗೀತಕ್ಕೆ 1986ರಿಂದ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವದ ಮೂಲಕ ಧೋಬಿ ತಲಾವಿನ ರಂಗಭವನ ವೇದಿಕೆಯಾಯಿತು, ಆಸ್ಪತ್ರೆ ಮತ್ತು ಶಾಲೆಗಳ ಸುತ್ತ ನೂರು ಮೀಟರನ್ನು ಮೌನವಲಯವೆಂದು ಗುರುತಿಸುವ 2000ದ ಶಬ್ದಮಾಲಿನ್ಯ ನಿಯಮಗಳ ನಂತರ ಆ ಬಯಲು ರಂಗ ಕೈತಪ್ಪಿತು. ‘ದಿ ರಾಯಟ್ ಪೆಡ್ಲರ್ಸ್’‌ನಂಥ ಪಂಕ್ ತಂಡಗಳು 2010ರ ದಶಕದಲ್ಲಿ ನುಡಿಸಿದ್ದು ಸಣ್ಣ ಕ್ಲಬ್ಬುಗಳಲ್ಲಿ. ಡೊಂಬಿವಲಿಯ ನೌಕರನಿಗೆ ಅಂಥ ಸಂಜೆಯೆಂದರೆ ಟಿಕೆಟ್ಟಿನ ಹಣ ಮತ್ತು ಕೊನೆಯ ಲೋಕಲ್‌ನ ಚಿಂತೆ. ಪಂಕ್ ಘೋಷಿಸಿದ ತತ್ತ್ವ ಅವನ ಊರಿನಲ್ಲಿ ಯಾವ ಘೋಷಣೆಯೂ ಇಲ್ಲದೆ, ಬೆಳಗಿನ ಗಾಡಿಯಲ್ಲಿ, ಭಕ್ತಿಯ ಹೆಸರಿನಲ್ಲಿ ಜೀವಿಸುತ್ತಿತ್ತು ಎಂಬುದು ಸಂಗೀತದ ಇತಿಹಾಸಕಾರರು ಹೆಚ್ಚು ಗಮನ ಕೊಡಬೇಕಾದ ಸಂಗತಿ. ಒಂದರಲ್ಲಿ ಪ್ರತಿಭಟನೆ, ಇನ್ನೊಂದರಲ್ಲಿ ಶರಣಾಗತಿ ಎಂಬ ಭೇದ ದೊಡ್ಡದೇ. ಆದರೂ ಪಳಗದ ದನಿಯಲ್ಲೇ ಹಾಡಲು ದಣಿದ ದುಡಿಯುವವನಿಗೆ ಎರಡೂ ಕೊಟ್ಟ ಹಕ್ಕು ಒಂದೇ.

ಇಂಥ ಸಂಗೀತವನ್ನು ಚಿತ್ರದಲ್ಲಿ ಹಿಡಿಯುವವನ ಮುಂದೆಯೂ ಒರಟುತನವನ್ನು ದೋಷವೆಂದು ಎಣಿಸಬೇಕೆ ಎಂಬ ಅದೇ ಪ್ರಶ್ನೆ ಇದೆ. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರ ಮೇಲೆ ‘ದಿ ಕ್ಲ್ಯಾಶ್’ ಪಂಕ್ ತಂಡದ ಪಾಲ್ ಸಿಮನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಬಡಿಯುತ್ತಿದ್ದ ಕ್ಷಣವನ್ನು ಸೆರೆಹಿಡಿದ ಛಾಯಾಗ್ರಾಹಕಿ ಪೆನಿ ಸ್ಮಿತ್, ಚಿತ್ರ ಮಸುಕಾಗಿದೆಯೆಂದು ಅದನ್ನು ಬಳಸಲು ಒಪ್ಪಿರಲಿಲ್ಲ. ತಂಡದ ಒತ್ತಾಯದಿಂದ ಅದೇ ಚಿತ್ರ ‘ಲಂಡನ್ ಕಾಲಿಂಗ್’ ಧ್ವನಿಮುದ್ರಿಕೆಯ ಮುಖಪುಟವಾಗಿ ಜಗತ್ಪ್ರಸಿದ್ಧವಾಯಿತು. ಮುಂಬಯಿಯ ಪ್ರಯಾಣಿಕರ ಮಟ್ಟಿಗೆ ಇಂಥ ಮಸುಕನ್ನು ಬೇಕೆಂದೇ ಬಳಸಿದವರು ಛಾಯಾಗ್ರಾಹಕ ರಘು ರಾಯ್: 1995ರಲ್ಲಿ ಚರ್ಚ್‌ಗೇಟ್ ನಿಲ್ದಾಣದಲ್ಲಿ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟು ಅವರು ತೆಗೆದ ಚಿತ್ರದಲ್ಲಿ ಪತ್ರಿಕೆ ಓದುತ್ತ ಅಲುಗದೆ ಇರುವವರು ಸ್ಪಷ್ಟವಾಗಿದ್ದಾರೆ, ಅವರ ಸುತ್ತ ಹರಿಯುವ ಜನಸ್ತೋಮ ಮಂಜಿನಂತೆ ಕಲಸಿದೆ. ಮಬ್ಬು ಬೆಳಕಿನ ಕುಲುಕಾಡುವ ಡಬ್ಬದೊಳಗೆ ಭಜನೆಯ ಚಿತ್ರ ತೆಗೆಯುವವನಿಗೂ ತಾಳ ಹಿಡಿದ ಕೈಗಳು ಕಲಸಿಯೇ ದೊರೆಯುತ್ತವೆ, ಆ ಕಲಸುವಿಕೆಯನ್ನು ತಿದ್ದಿ ತೆಗೆದರೆ ತಾಳವೇ ಚಿತ್ರದಿಂದ ಹೊರಟುಹೋಗುತ್ತದೆ.

ಭಜನೆಯ ಈ ಒಡನಾಟದಿಂದ ಹೊರಗುಳಿದವರೂ ಇದ್ದಾರೆ ಎಂಬುದನ್ನು ಮರೆಮಾಚಬಾರದು. ಮಂಡಳಿಯವರು ತಮ್ಮವರಿಗಾಗಿ ಸೀಟು ಹಿಡಿದಿಡುತ್ತಾರೆ, ರಾತ್ರಿಪಾಳಿ ಮುಗಿಸಿ ಬಂದವನಿಗೆ ನಿದ್ರೆ ಸಿಗದು, ಬೇರೆ ಶ್ರದ್ಧೆಯವನಿಗೆ ಆ ಡಬ್ಬ ತನ್ನದೆನಿಸದು ಎಂಬ ದೂರುಗಳು ಹಳೆಯವು ಮತ್ತು ನ್ಯಾಯಯುತವಾದವು. 1989ರ ರೈಲ್ವೆ ಕಾಯಿದೆಯ 145ನೆಯ ಕಲಮು ಸಹಪ್ರಯಾಣಿಕರಿಗೆ ಉಪದ್ರವ ಉಂಟುಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಹಾಗಿದ್ದೂ ಈ ರೂಢಿ ಉಳಿದಿರುವುದಕ್ಕೆ ನಿತ್ಯ ಪ್ರಯಾಣಿಕರ ನಡುವಿನ ಮೌನ ಒಪ್ಪಂದವೇ ಆಧಾರ: ಹಾಡು ಬೇಡದವರು ಬೇರೆ ಡಬ್ಬ ಹತ್ತುತ್ತಾರೆ.

ಈ ಒಪ್ಪಂದದ ನೆಲೆಯೇ ಈಗ ಬದಲಾಗುತ್ತಿದೆ. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಲೋಕಲ್‌ಗಳು ನಿಂತು, ಸಾಮಾನ್ಯ ಪ್ರಯಾಣಿಕರಿಗೆ ಅವು ಮತ್ತೆ ತೆರೆದದ್ದು 2021ರ ಫೆಬ್ರವರಿ 1ರಂದು. ಅಷ್ಟರೊಳಗೆ, 2020ರ ಡಿಸೆಂಬರಿನಲ್ಲಿ, ಕಲ್ಯಾಣದ ಮಾರ್ಗಕ್ಕೆ ಹವಾನಿಯಂತ್ರಿತ ಲೋಕಲ್ ಬಂದಿತ್ತು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳಿಂದ ಪ್ರಯಾಣಿಕರು ಬಿದ್ದು ಸತ್ತ ದುರಂತದ ಬಳಿಕ, ಹವಾನಿಯಂತ್ರಣವಿಲ್ಲದ ಹೊಸ ಲೋಕಲ್‌ಗಳಿಗೂ ತಾವಾಗಿ ಮುಚ್ಚುವ ಬಾಗಿಲುಗಳನ್ನು ಅಳವಡಿಸಿ, ಡಬ್ಬದಿಂದ ಡಬ್ಬಕ್ಕೆ ಹಾದಿ ತೆರೆಯುವುದಾಗಿ ರೈಲ್ವೆ ಪ್ರಕಟಿಸಿದೆ. ಜೀವ ಉಳಿಸುವ ಈ ಬದಲಾವಣೆ ಅನಿವಾರ್ಯ. ಆದರೆ ಭಜನೆಯ ಡಬ್ಬ ಮತ್ತು ಮೌನದ ಡಬ್ಬ ಎಂಬ ವಿಂಗಡಣೆ ನಿಂತಿದ್ದುದು ನಡುವಿನ ತಗಡಿನ ಗೋಡೆಯ ಮೇಲೆ. ಆ ಗೋಡೆ ಇಲ್ಲದ ಗಾಡಿಯಲ್ಲಿ ಎಲ್ಲಿ ನಿಂತು, ಎಷ್ಟು ದನಿಯಲ್ಲಿ ಹಾಡಬೇಕೆಂಬುದನ್ನು ಮಂಡಳಿಗಳೂ ಸಹಪ್ರಯಾಣಿಕರೂ ಹೊಸದಾಗಿ ಮಾತಾಡಿಕೊಳ್ಳಬೇಕಾಗುತ್ತದೆ.