ಹಾಲ್ಡೇನರ ಕನಸು ಮತ್ತು ದೇಹ

ಯಂತ್ರವಿಜ್ಞಾನದ ನೆರವಿನಿಂದ ಮನುಷ್ಯನ ದೇಹ, ಬುದ್ಧಿ, ಆಯುಸ್ಸುಗಳನ್ನು ಪ್ರಕೃತಿಯ ಮಿತಿಯಾಚೆಗೆ ಬೆಳೆಸಬೇಕೆಂಬ ವಿಚಾರವನ್ನು ಗಣಕಯಂತ್ರ ಯುಗದ ಕೂಸೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದಕ್ಕೆ ನೂರು ವರ್ಷಗಳ ಇತಿಹಾಸವಿದೆ.

1923ರ ಫೆಬ್ರವರಿ 4ರಂದು ಕೇಂಬ್ರಿಡ್ಜಿನಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಎಂಬ ತರುಣ ವಿಜ್ಞಾನಿಗಳು ‘ಡೆಡಾಲಸ್’ ಎಂಬ ಪ್ರಬಂಧವನ್ನು ಓದಿದರು. ತಾಯಿಯ ಗರ್ಭದ ಹೊರಗೆ ಶಿಶುವನ್ನು ಬೆಳೆಸುವ ಕಾಲ ಬರುವುದೆಂದೂ, ಆಗ ಆಯ್ದ ಕೆಲವರೇ ಮುಂದಿನ ಪೀಳಿಗೆಯ ಜನಕರಾಗುವುದರಿಂದ ಮಾನವಕುಲವು ತಲೆಮಾರಿನಿಂದ ತಲೆಮಾರಿಗೆ ಉತ್ತಮವಾಗುವುದೆಂದೂ ಅದರಲ್ಲಿ ಊಹಿಸಿದ್ದರು. 1929ರಲ್ಲಿ ಜೆ. ಡಿ. ಬರ್ನಾಲರು ಇನ್ನೂ ಮುಂದೆ ಹೋಗಿ, ಮಿದುಳನ್ನು ಮಾತ್ರ ಉಳಿಸಿಕೊಂಡು ಉಳಿದ ದೇಹದ ಸ್ಥಾನದಲ್ಲಿ ಯಂತ್ರವನ್ನಿಡುವ ಮಾತನ್ನಾಡಿದರು. ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ! ಯುನೆಸ್ಕೋದ ಮೊದಲ ಮಹಾನಿರ್ದೇಶಕರಾಗಿದ್ದ ಜೂಲಿಯನ್ ಹಕ್ಸ್ಲಿಯವರು 1957ರಲ್ಲಿ ಪ್ರಕಟಿಸಿದ ಪ್ರಬಂಧವೊಂದಕ್ಕೆ ‘ಟ್ರಾನ್ಸ್‌ಹ್ಯೂಮನಿಸಂ’ ಎಂದೇ ಹೆಸರಿಟ್ಟರು.

‘ಆಯ್ದ ಕೆಲವರು’ ಎಂಬ ಮಾತಿನಲ್ಲಿಯೇ ತೊಡಕಿದೆ. ಆಯುವವರು ಯಾರು? 1933ರ ಜರ್ಮನಿಯಲ್ಲಿ ಆ ಅಧಿಕಾರವು ಸರಕಾರದ ಕೈಸೇರಿತು. ಅನುವಂಶಿಕ ರೋಗಿಗಳೆಂದು ಹಣೆಪಟ್ಟಿ ಹಚ್ಚಿ ಸುಮಾರು 4 ಲಕ್ಷ ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಇಂತಹ ಕಾನೂನುಗಳಿಗೆ ವಿಜ್ಞಾನದ ಆಧಾರವಿಲ್ಲವೆಂದು 1938ರ ತಮ್ಮ ಗ್ರಂಥದಲ್ಲಿ ವಾದಿಸಿದವರು ಅದೇ ಹಾಲ್ಡೇನರು. ಹಕ್ಸ್ಲಿಯವರಾದರೋ 1959ರಿಂದ 1962ರವರೆಗೆ ಬ್ರಿಟನ್ನಿನ ಸುಪ್ರಜನನ ಸಂಘದ ಅಧ್ಯಕ್ಷರಾಗಿದ್ದರು. ಇದನ್ನು ಮರೆಮಾಚಿ ಅವರ ವಿಶಾಲ ದೃಷ್ಟಿಯನ್ನಷ್ಟೇ ಕೊಂಡಾಡುವುದು ಇತಿಹಾಸಕಾರನಿಗೆ ಸಲ್ಲದು.

ಹಾಲ್ಡೇನರು ಪ್ರಯೋಗಕ್ಕೊಡ್ಡಿದ್ದು ಮೊದಲಿಗೆ ತಮ್ಮ ದೇಹವನ್ನೇ. 1939ರ ಜೂನಿನಲ್ಲಿ ‘ಥೀಟಿಸ್’ ಎಂಬ ಬ್ರಿಟಿಷ್ ಜಲಾಂತರ್ಗಾಮಿ ನೌಕೆ ಮುಳುಗಿ 99 ಜನ ಮಡಿದರು. ಮುಳುಗಿದ ನೌಕೆಯಲ್ಲಿ ಮನುಷ್ಯನ ಉಸಿರು ಹೇಗೆ ನಿಲ್ಲುತ್ತದೆ, ಪಾರಾಗುವ ಬಗೆ ಯಾವುದು ಎಂಬುದನ್ನು ಅರಿಯಲು ಅವರು ಒತ್ತಡದ ಕೋಣೆಯೊಳಗೆ ತಾವೇ ಕುಳಿತರು. ಅಧಿಕ ಒತ್ತಡದ ಆಮ್ಲಜನಕವನ್ನು ಸೇವಿಸಿದ್ದರಿಂದ ಬಂದ ಸೆಳವಿನಲ್ಲಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು; ಒತ್ತಡದ ಏರಿಳಿತಕ್ಕೆ ಕಿವಿಯ ತಮಟೆ ತೂತಾಯಿತು. ಬೆನ್ನುನೋವು ಕೊನೆಯವರೆಗೂ ಬಿಡಲಿಲ್ಲ.

ಹಕ್ಸ್ಲಿಯವರ ಪ್ರಬಂಧ ಹೊರಬಂದ 1957ರಲ್ಲಿಯೇ ಹಾಲ್ಡೇನರು ಇಂಗ್ಲೆಂಡನ್ನು ತೊರೆದು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಮುಂದೆ ಭಾರತದ ಪೌರರೂ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು, ಅವರ ಇಚ್ಛೆಯಂತೆಯೇ, ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಒಪ್ಪಿಸಲಾಯಿತು.